60 ಇನ್ನೋವಾ ಬೇಡ, 7 ಬಸ್ ಸಾಕು

ಪ್ರಶ್ನೆ: ವಿಜಯಪುರದಲ್ಲಿ ನಾವು ಓದಿದ ಕಾಲೇಜಿಗೆ 50 ವರ್ಷ ತುಂಬುತ್ತಿದೆ. ಜನವರಿ ಎರಡನೇ ವಾರ ಮೂರು ದಿನದ ಸ್ನೇಹ ಸಮ್ಮೇಳನ ಇಟ್ಟುಕೊಂಡಿದ್ದೇವೆ. ಸುಮಾರು 1,200 ಜನ ಬರುತ್ತಾರೆ, ಅದರಲ್ಲಿ 600 ಮಂದಿ ಬೇರೆ ಊರಿನವರು. ಅವರಿಗೆ ಊರೊಳಗೆ 14 ಲಾಡ್ಜ್‌ಗಳಲ್ಲಿ ರೂಮು ನೋಡಿದ್ದೇವೆ. ಪೆಂಡಾಲು ಸೋಲಾಪುರ ರಸ್ತೆಯಲ್ಲಿ, ಊರಿಂದ 8 ಕಿ.ಮೀ. ಆಚೆ. 60 ಇನ್ನೋವಾ ಬಾಡಿಗೆಗೆ ಹೇಳೋಣ ಅಂತಿದ್ದೆವು. ಈಗ ಕಮಿಟಿಯ ಕೆಲವರು ಪರಿಸರಕ್ಕೆ ಹೊರೆ ಆಗಬಾರದು, ಹುಬ್ಬಳ್ಳಿಯಿಂದ 20 ಎಲೆಕ್ಟ್ರಿಕ್ ಕಾರು ತರಿಸೋಣ, 'ಹಸಿರು ಸಮ್ಮೇಳನ' ಅಂತ ಬ್ಯಾನರ್ ಹಾಕೋಣ ಅನ್ನುತ್ತಿದ್ದಾರೆ. ಇದು ಸರಿಯಾ? ಇನ್ನೇನು ಮಾಡಬಹುದು?

ಉತ್ತರ:

ಸರ್, ಬ್ಯಾನರ್ ವಿಷಯ ಆಮೇಲೆ ನೋಡೋಣ. ಮೊದಲು ಹುಬ್ಬಳ್ಳಿ ಕಾರಿನ ಮಾತು ಮುಗಿಸಿಬಿಡುತ್ತೇನೆ. ಹುಬ್ಬಳ್ಳಿಯಿಂದ ನಿಮ್ಮೂರಿಗೆ ಸುಮಾರು 200 ಕಿ.ಮೀ. 20 ಕಾರು ಖಾಲಿ ಬಂದು ಖಾಲಿ ಹೋದರೆ ಅಲ್ಲೇ 8,000 ಕಿ.ಮೀ. ಆಯಿತು. ಒಬ್ಬ ಅತಿಥಿಯೂ ಹತ್ತಿಲ್ಲ, ಇನ್ನೂ ಒಂದು ಲಾಡ್ಜ್ ಮುಂದೆಯೂ ಗಾಡಿ ನಿಂತಿಲ್ಲ. ತರಿಸಬೇಡಿ.

ನಾನು ಡಿಪೋದಲ್ಲಿ ಗಾಡಿ ಬಿಡುವ ಕೆಲಸ ಮಾಡಿದವನು. ಆಮೇಲೆ ಬಾಗಲಕೋಟೆಯಲ್ಲಿ ಕೂತು ಸುತ್ತಲಿನ ಜಿಲ್ಲೆಗಳ ಮದುವೆ, ಸಮ್ಮೇಳನ, ಉತ್ಸವಗಳಿಗೆ ಗಾಡಿ ಹೊಂದಿಸಿಕೊಟ್ಟೆ. ಹೊಗೆ ಕಡಿಮೆ ಮಾಡೋದು ಅಂದರೆ ಎಲ್ಲರೂ ಮೊದಲು ಕೇಳುವುದು 'ಯಾವ ಗಾಡಿ?' ಅಂತ. ನಾನು ಕೇಳುವುದು ಎರಡೇ. ಗಾಡಿಯಲ್ಲಿ ಎಷ್ಟು ಜನ ಕೂತಿದ್ದಾರೆ, ಖಾಲಿ ಎಷ್ಟು ಓಡಿತು. ಈ ಎರಡು ಸರಿ ಹೋದ ಮೇಲೆ ಬ್ಯಾಟರಿಯಾ ಡೀಸೆಲ್ಲಾ ಅನ್ನುವ ಮಾತು.

ಲೆಕ್ಕ ಸ್ವಲ್ಪ ಹಾಕೋಣ, ಬೇಜಾರು ಮಾಡ್ಕೋಬೇಡಿ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆ.ಜಿ. ಹತ್ತಿರ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಇನ್ನೋವಾ ಲೀಟರಿಗೆ 11 ಕಿ.ಮೀ. ಕೊಡುತ್ತದೆ ಅಂದುಕೊಂಡರೆ ಕಿಲೋಮೀಟರಿಗೆ 245 ಗ್ರಾಂ. ಒಳಗೆ ಇಬ್ಬರು ಅತಿಥಿಗಳು ಕೂತರೆ ತಲೆಗೆ 120 ಗ್ರಾಂ ಮೇಲೆ. ಬಸ್ಸು ಲೀಟರಿಗೆ ನಾಲ್ಕೂವರೆ ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 600 ಗ್ರಾಂ. ಕೇಳಿದರೆ ಭಯ ಆಗುತ್ತೆ, ಆದರೆ 45 ಜನ ಕೂತರೆ ತಲೆಗೆ 13 ಗ್ರಾಂ ಅಷ್ಟೇ.

ಇನ್ನು ಎಲೆಕ್ಟ್ರಿಕ್ ಕಾರು. ಹಿಂದೆ ಹೊಗೆ ಕೊಳವೆ ಇಲ್ಲ, ನಿಜ. ಆದರೆ ಕರೆಂಟು ಎಲ್ಲಿಂದ ಬರುತ್ತದೆ? ನಿಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಈ ಕಡೆ ಆಲಮಟ್ಟಿಯಲ್ಲಿ ನೀರಿನ ಕರೆಂಟೂ ಇದೆ, ಸುತ್ತಮುತ್ತ ಗಾಳಿಗಿರಣಿ, ಸೋಲಾರ್ ಎಲ್ಲಾ ಇದೆ. ಎಲ್ಲಾ ಸೇರಿ ಒಂದೇ ತಂತಿಗೆ ಬರುತ್ತದೆ. ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ಟಿಗೆ 0.7 ಕೆ.ಜಿ. ಆಸುಪಾಸು. ಕಾರು ಕಿಲೋಮೀಟರಿಗೆ 0.15 ಯೂನಿಟ್ ತಿಂದರೆ 105 ಗ್ರಾಂ. ಇನ್ನೋವಾಕ್ಕಿಂತ ಖಂಡಿತ ಒಳ್ಳೆಯದು. ಆದರೆ ಒಬ್ಬರೇ ಕೂತು ಹೋದ ಎಲೆಕ್ಟ್ರಿಕ್ ಕಾರು, ತುಂಬಿದ ಹಳೇ ಕೆಂಪು ಬಸ್ಸಿಗಿಂತ ತಲೆಗೆ ಎಂಟು ಪಟ್ಟು ಭಾರ. ಇದನ್ನ ಕಮಿಟಿಯಲ್ಲಿ ಹೇಳಿದಾಗಲೆಲ್ಲ ಒಂದು ನಿಮಿಷ ಯಾರೂ ಮಾತಾಡುವುದಿಲ್ಲ.

ಎಲೆಕ್ಟ್ರಿಕ್ ಗಾಡಿ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಜಾಗ ಯಾವುದು ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಕಥೆ.

ಬೆಳಗಾವಿ ಜಿಲ್ಲೆಯಲ್ಲಿ ಒಂದು ದೊಡ್ಡ ಸಮಾರಂಭ. ಯಾರದ್ದು, ಎಲ್ಲಿ ಅಂತ ಬೇಡ. ಆರು ಎಲೆಕ್ಟ್ರಿಕ್ ಕಾರು ತರಿಸಿದ್ದರು, ನಾನೇ ಹೊಂದಿಸಿಕೊಟ್ಟಿದ್ದೆ, ತಪ್ಪಿನಲ್ಲಿ ನನ್ನದೂ ಪಾಲಿದೆ. ಮೊದಲ ದಿನ ಮಧ್ಯಾಹ್ನ ಮೂರಕ್ಕೆ ಎಲ್ಲದರ ಚಾರ್ಜು ತಳ ಹಿಡಿಯಿತು. ಸಂಜೆ ಹೋಗಿ ನೋಡಿದರೆ ಆರೂ ಕಾರು ಪೆಂಡಾಲಿನ ಹಿಂದೆ ಸಾಲಾಗಿ ನಿಂತಿವೆ, ಒಂದೊಂದರ ಮೂತಿಗೂ ವೈರು. ಆ ವೈರು ಹಿಡಿದು ಅಡುಗೆ ಟೆಂಟು ದಾಟಿ ಹೋದೆ. ಜಾಲಿ ಕಂಟಿಯ ಆಚೆ ಡೀಸೆಲ್ ಜನರೇಟರ್ ಗುರ್ ಅಂತಿತ್ತು. ನಿಗಮದ ಕರೆಂಟಿನ ತಾತ್ಕಾಲಿಕ ಸಂಪರ್ಕಕ್ಕೆ ಲೋಡು ಸಾಲಲಿಲ್ಲವಂತೆ, ಪೆಂಡಾಲಿನವರು ಜನರೇಟರಿಗೆ ಸಿಕ್ಕಿಸಿದ್ದರು. ಜನರೇಟರಿನಲ್ಲಿ ಒಂದು ಯೂನಿಟ್ ತೆಗೆಯಲು ಸುಮಾರು 300 ಮಿಲಿ ಲೀಟರ್ ಡೀಸೆಲ್ ಬೇಕು. ಅಂದರೆ ಯೂನಿಟ್ಟಿಗೆ 0.8 ಕೆ.ಜಿ., ಕೂಡಗಿ ಸೇರಿಸಿಕೊಂಡ ಲೈನ್ ಕರೆಂಟಿಗಿಂತಲೂ ಜಾಸ್ತಿ. ಮುಂದಿನ ಗೇಟಿನಲ್ಲಿ ಹಸಿರು ಎಲೆ ಬರೆದ ಬ್ಯಾನರ್ ಗಾಳಿಗೆ ಪಟಪಟ ಅಂತಿತ್ತು.

ಹಾಗಾಗಿ ಚಾರ್ಜಿಂಗ್ ಎಲ್ಲಿ, ಯಾವ ಮೀಟರಿನಿಂದ, ಎಷ್ಟು ಹೊತ್ತು ಅನ್ನುವುದು ಕಾಗದದ ಮೇಲೆ ಬರುವ ತನಕ ಬ್ಯಾಟರಿ ಗಾಡಿಯ ಅಡ್ವಾನ್ಸ್ ಕೊಡಬೇಡಿ.

ಈಗ ನಿಮ್ಮ 600 ಜನರ ವಿಷಯ. ಇನ್ನೋವಾ ಲೆಕ್ಕ ಹೀಗಿರುತ್ತದೆ. 60 ಗಾಡಿ, ಕರೆದಾಗ ಓಡುವ ಪದ್ಧತಿ, ದಿನಕ್ಕೆ ಒಂದೊಂದು 65 ಕಿ.ಮೀ. ಓಡಿದರೂ 3,900 ಕಿ.ಮೀ. 355 ಲೀಟರ್ ಡೀಸೆಲ್, 950 ಕೆ.ಜಿ. ಮೇಲೆ. ಬಸ್ಸಿನ ಲೆಕ್ಕ ನೋಡಿ. ಗಾಂಧಿ ಚೌಕ, ಸ್ಟೇಷನ್ ರಸ್ತೆ, ಬಸ್ ಸ್ಟ್ಯಾಂಡ್ ಕಡೆಯಿಂದ ಪೆಂಡಾಲಿಗೆ 20-25 ನಿಮಿಷ. ಹತ್ತಿಸಿ ಇಳಿಸಿ ವಾಪಸ್ ಬರಲು ಒಟ್ಟು ಒಂದು ಗಂಟೆಯ ಒಳಗೆ. ಒಂದು ಬಸ್ಸು ನೂರು ನಿಮಿಷದಲ್ಲಿ ಎರಡು ಸಲ ಜನ ಮುಟ್ಟಿಸುತ್ತದೆ. 7 ಬಸ್ಸು, 45 ಸೀಟು, ಎರಡು ಟ್ರಿಪ್ಪು, 630 ಜನ. ಮುಗೀತು. ಆಮೇಲೆ ಐದು ಬಸ್ಸು ನಿಂತಿರಲಿ, ಎರಡು ಮಾತ್ರ ದಿನವಿಡೀ ಸುತ್ತಲಿ. ಐದು ಬಸ್ಸು ದಿನಕ್ಕೆ 60 ಕಿ.ಮೀ., ಎರಡು ಬಸ್ಸು 150 ಕಿ.ಮೀ. ಅಂತ ಹಿಡಿದರೆ ಒಟ್ಟು 600 ಕಿ.ಮೀ., 133 ಲೀಟರ್, 360 ಕೆ.ಜಿ. ವಯಸ್ಸಾದವರಿಗೆ, ಮಂಡಿ ನೋವಿನವರಿಗೆ ಆರು ಕಾರು ಇಟ್ಟುಕೊಳ್ಳಿ, ಅದಕ್ಕೆ ಇನ್ನೊಂದು ನೂರು ಕೆ.ಜಿ. ಸೇರಿಸಿ. ಆದರೂ ಇನ್ನೋವಾ ಲೆಕ್ಕದ ಅರ್ಧ ಮುಟ್ಟಲಿಲ್ಲ. ದುಡ್ಡಿನ ಲೆಕ್ಕ ನಿಮ್ಮ ಖಜಾಂಚಿಯವರೇ ಹಾಕಲಿ, ಖುಷಿ ಪಡುತ್ತಾರೆ.

ಇದರಲ್ಲೂ ಬಸ್ಸು ಇಳಿಸುವ ಉಪಾಯ ಇದೆ. ನಾಷ್ಟಾ ಲಾಡ್ಜ್‌ನಲ್ಲಿ ಕೊಡಿಸಬೇಡಿ, ಪೆಂಡಾಲಿನಲ್ಲಿ ಕೊಡಿ. ಏಳೂವರೆಗೆ ಶುರು, ಒಂಬತ್ತೂವರೆ ತನಕ. ಬೇಗ ಏಳುವವರು ಬೇಗ ಬರುತ್ತಾರೆ, ತಡವಾಗಿ ಏಳುವವರು ತಡವಾಗಿ ಬರುತ್ತಾರೆ. 600 ಜನ ಒಂದೇ ಹೊತ್ತಿಗೆ ರಸ್ತೆಗೆ ಬೀಳುವುದಿಲ್ಲ. 7 ಬಸ್ಸಿನ ಕಡೆ 5 ಆದರೂ ನಡೆದೀತು. ರಾತ್ರಿಗೂ ಇದೇ. ಕಾರ್ಯಕ್ರಮ ಮುಗಿದ ಮೇಲೆ ಊಟ ಇಡಿ, ಮುಂಚೆ ಬೇಡ. ಉಂಡು ಉಂಡಂತೆ ಜನ ಕರಗುತ್ತಾರೆ. ಒಂದು ಚಟ್ನಿ, ಒಂದು ಉಪ್ಪಿಟ್ಟು ಎಲ್ಲಿ ಬಡಿಸುತ್ತೀರಿ ಅನ್ನುವುದು ನಿಮ್ಮ ಡೀಸೆಲ್ ಖರ್ಚನ್ನು ಹೀಗೆ ಬದಲಿಸುತ್ತದೆ ಅಂತ ಅಡುಗೆ ಕಮಿಟಿಗೆ ಹೇಳಿದರೆ ನಗುತ್ತಾರೆ, ನಗಲಿ ಬಿಡಿ.

14 ಲಾಡ್ಜ್‌ಗೂ ಬಸ್ಸು ಹೋಗುವುದು ಬೇಡ. ಓಣಿಯೊಳಗೆ ಬಸ್ಸು ತಿರುಗುವುದಿಲ್ಲ, ತಿರುಗಿಸಲು ಹೋದರೆ ಹತ್ತು ನಿಮಿಷ ಹಾರನ್ನು. ನಾಲ್ಕು ಸ್ಟಾಪು ಮಾಡಿ, ಪ್ರತಿ ಲಾಡ್ಜ್‌ನಿಂದ ಐದು ನಿಮಿಷದ ನಡಿಗೆಯಲ್ಲಿ ಇರಲಿ. ಪ್ರತಿ ಸ್ಟಾಪಿನಲ್ಲಿ ದೊಡ್ಡ ಬೋರ್ಡು, ನೀರಿನ ಕ್ಯಾನು, ನಾಲ್ಕು ಕುರ್ಚಿ, ಒಬ್ಬ ಹುಡುಗ. ಬಸ್ಸಿನ ಗಾಜಿಗೆ ಅಂಗೈ ಅಗಲದ ಅಕ್ಷರದಲ್ಲಿ ನಂಬರು. 'ಸುಸ್ವಾಗತ' ಬರೆದು ನಂಬರನ್ನು ಮೂಲೆಗೆ ತಳ್ಳುತ್ತಾರೆ, ಅದು ಉಲ್ಟಾ ಆಗಬೇಕು.

ಜನ ಬಸ್ಸು ಯಾಕೆ ಹತ್ತುವುದಿಲ್ಲ ಗೊತ್ತಾ? ಸೀಟಿನ ಸುಖಕ್ಕಲ್ಲ. ರಾತ್ರಿ ವಾಪಸ್ ಹೋಗಲು ಬಸ್ಸು ಇರುತ್ತದೋ ಇಲ್ಲವೋ ಅನ್ನುವ ಭಯಕ್ಕೆ. ಒಮ್ಮೆ ಬಾಗಲಕೋಟೆ ನವನಗರದಲ್ಲಿ ಒಂದು ಕಾರ್ಯಕ್ರಮ, ಅತಿಥಿಗಳು ಹಳೇ ಊರಲ್ಲಿ ಉಳಿದಿದ್ದರು. ರಾತ್ರಿ ಹತ್ತೂವರೆಗೆ ಕೊನೇ ಬಸ್ಸು ಅಂತ ಚೀಟಿಯಲ್ಲಿ ಹಾಕಿದ್ದೆವು. ಹತ್ತಕ್ಕೇ ಡ್ರೈವರ್ 'ಯಾರೂ ಇಲ್ಲ' ಅಂತ ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟ. ಹನ್ನೆರಡು ಜನ, ಅದರಲ್ಲಿ ಇಬ್ಬರು ಎಪ್ಪತ್ತು ದಾಟಿದವರು, ಗೇಟಿನ ಟ್ಯೂಬ್‌ಲೈಟ್ ಕೆಳಗೆ ನಿಂತುಬಿಟ್ಟಿದ್ದರು. ಮರುದಿನ ಬೆಳಗ್ಗೆ ನಮ್ಮ ಬಸ್ಸಿನಲ್ಲಿ ಏಳು ಜನ. ಮಿಕ್ಕವರೆಲ್ಲ ಆಟೋ, ಟಂಟಂ, ಗೆಳೆಯರ ಕಾರು. ಎರಡು ದಿನ ಬಸ್ಸು ಖಾಲಿ ಓಡಿತು. ಹಾಗಾಗಿ ಕೊನೇ ಬಸ್ಸು ಅಂದರೆ ಕೊನೇ ಬಸ್ಸು. ಮೈಕಿನಲ್ಲಿ ಎರಡು ಸಲ ಕೂಗಿಸಿ. ಅದು ಹೋದ ಮೇಲೂ ಒಂದು ಟೆಂಪೋ ಟ್ರಾವೆಲರ್ ಅರ್ಧ ಗಂಟೆ ನಿಂತಿರಲಿ. ಬಸ್ಸಿನ ಲೈವ್ ಲೊಕೇಶನ್ ವಾಟ್ಸಾಪ್ ಗುಂಪಿಗೆ ಹಾಕಿಸಿ, ಇದಕ್ಕೆ ಆ್ಯಪ್ ಗೀಪ್ ಏನೂ ಬೇಡ.

ಬಸ್ಸು ಯಾರ ಹತ್ತಿರ ಕೇಳಬೇಕು? ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ಸೇರುತ್ತದೆ, ಬಾಗಲಕೋಟೆ ಬೆಳಗಾವಿ ವಾಯವ್ಯ ಸಾರಿಗೆಗೆ. ನಿಮ್ಮ ಊರಿನ ವಿಭಾಗೀಯ ಕಚೇರಿಯಲ್ಲೇ ಅರ್ಜಿ ಕೊಡಿ, ಸಾಂದರ್ಭಿಕ ಒಪ್ಪಂದದ ಬಸ್ಸು ಅಂತ ಕೇಳಿ. ಊರಿನ ಡಿಪೋದ ಬಸ್ಸು ತಗೊಂಡರೆ ಖಾಲಿ ಓಡಾಟ ಎರಡು ಮೂರು ಕಿಲೋಮೀಟರಿಗೆ ಮುಗಿಯುತ್ತದೆ. ಬೇರೆ ಊರಿನ ಖಾಸಗಿ ಬಸ್ಸು 'ಕಡಿಮೆ ರೇಟು' ಅಂತ ತರಿಸಿದರೆ ಆ ಖಾಲಿ ಓಡಾಟವನ್ನು ನೀವೇ ಕೊಂಡ ಹಾಗೆ.

ಖಾಸಗಿ ಗಾಡಿ ತಗೊಳ್ಳುವುದೇ ಆದರೆ ಆರ್‌ಸಿ ನೋಡಿ. 2020ರ ಏಪ್ರಿಲ್ 1ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಅದರ ನಂತರ ನೋಂದಣಿಯಾದ ಡೀಸೆಲ್ ಬಸ್ಸಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಇಂಗಾಲದ ಡೈಆಕ್ಸೈಡ್ ಹಳೇ ಬಸ್ಸಿನಷ್ಟೇ ಬರುತ್ತದೆ, ಆದರೆ ಕಪ್ಪು ಹೊಗೆ ಬಹಳ ಕಡಿಮೆ. ಗೇಟಿನ ಹತ್ತಿರ ನಿಂತವರ ಎದೆಗೆ ಹೋಗುವುದು ಈ ಕಪ್ಪು ಹೊಗೆ. ಎರಡೂ ಬೇರೆ ಬೇರೆ ತೊಂದರೆ, ಜನ ಕಲಸಿಬಿಡುತ್ತಾರೆ. ನಿಮ್ಮ ಕಾಲೇಜಿನ ಸ್ವಂತ ಬಸ್ಸುಗಳು ಇದ್ದಾವಲ್ಲ ಅಂತ ಕಮಿಟಿಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಅವುಗಳ ಪರ್ಮಿಟ್ಟು ವಿದ್ಯಾರ್ಥಿಗಳಿಗೆ ಅಂತ ಇರುತ್ತದೆ. ಹಳೇ ವಿದ್ಯಾರ್ಥಿಗಳನ್ನು ಕೂರಿಸುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಕೇಳಿ ಕಾಗದ ಮಾಡಿಸಿಕೊಳ್ಳಿ. ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಬೇಡವೇ ಬೇಡ. ಏನಾದರೂ ಆದರೆ ಇನ್ಶೂರೆನ್ಸ್ ಬರುವುದಿಲ್ಲ.

ಇನ್ನೊಂದು 600 ಜನ ಇದ್ದಾರಲ್ಲ, ಊರಿನವರು, ಅವರನ್ನ ಎಲ್ಲರೂ ಮರೆಯುತ್ತಾರೆ. ಅವರು ತಮ್ಮ ಬೈಕು ಕಾರು ತಗೊಂಡು ಬರುತ್ತಾರೆ. ಪಾರ್ಕಿಂಗ್ ಸ್ಟೇಜಿನ ಪಕ್ಕದಲ್ಲೇ, ನೆರಳಲ್ಲಿ, ಪುಕ್ಕಟೆ ಇದ್ದರೆ ಯಾಕೆ ಬಸ್ಸಿಗೆ ಬರ್ತಾರೆ ಹೇಳಿ? ಕಾರಿನ ಪಾರ್ಕಿಂಗ್ ಅರ್ಧ ಕಿಲೋಮೀಟರ್ ಆಚೆ ಹಾಕಿ. ಬಸ್ಸು ಮಾತ್ರ ಗೇಟಿಗೆ ಬರಲಿ. ಮೊದಲ ದಿನ ಬೈತಾರೆ. ಎರಡನೇ ದಿನ ಬಸ್ಸಲ್ಲಿ ಬರ್ತಾರೆ. ಸಾರಿಗೆ ನಿಗಮಕ್ಕೆ ಇನ್ನೊಂದು ಅರ್ಜಿ ಕೊಟ್ಟು ಆ ಮೂರು ದಿನ ಸೋಲಾಪುರ ರಸ್ತೆಗೆ ಹೆಚ್ಚುವರಿ ಸಾಮಾನ್ಯ ಬಸ್ಸು ಬಿಡಲು ಕೇಳಿ. ಇದರಲ್ಲೊಂದು ಲಾಭ ಇದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ, ಆಧಾರ್ ಜೊತೆಗಿದ್ದರೆ ಆಯಿತು. ನೀವು ಬಾಡಿಗೆ ಹಿಡಿದ ಬಸ್ಸಿನಲ್ಲಿ ಈ ಮಾತೇ ಬರುವುದಿಲ್ಲ, ಅದರ ದುಡ್ಡು ಪೂರ್ತಿ ನಿಮ್ಮದೇ. ಲೈನ್ ಬಸ್ಸಾದರೆ ನಿಮ್ಮ ಕ್ಲಾಸ್‌ಮೇಟ್ ಅಕ್ಕಂದಿರು ಚೀಟಿ ತಗೊಂಡು ಆರಾಮಾಗಿ ಬರಬಹುದು.

ಈಗ ಎಲ್ಲಕ್ಕಿಂತ ದೊಡ್ಡ ತೂತು. ಇದನ್ನ ಕಮಿಟಿಗಳಲ್ಲಿ ಹೇಳಿದರೆ ಮುಖ ಸಣ್ಣ ಮಾಡ್ಕೋತಾರೆ. ವಿಮಾನದಲ್ಲಿ ಬರುವ ಗಣ್ಯರು. ಹುಬ್ಬಳ್ಳಿಗೆ ಇಳಿದರೂ, ಬೆಳಗಾವಿಯ ಸಾಂಬ್ರಾಕ್ಕೆ ಇಳಿದರೂ ನಿಮ್ಮೂರಿಗೆ 200 ಕಿ.ಮೀ. ಆಸುಪಾಸು. ಒಬ್ಬ ಅತಿಥಿಯನ್ನ ತರಲು ಇನ್ನೋವಾ ಖಾಲಿ ಹೋಗುತ್ತದೆ, ತುಂಬಿ ಬರುತ್ತದೆ. ಬಿಡಲು ಹೋಗುತ್ತದೆ, ಖಾಲಿ ಬರುತ್ತದೆ. ನಾಲ್ಕು ಸಲ 200, ಒಟ್ಟು 800 ಕಿ.ಮೀ. 73 ಲೀಟರ್, 196 ಕೆ.ಜಿ. ಇಂಥ ಇಬ್ಬರು ಬಂದರೆ ನಿಮ್ಮ 7 ಬಸ್ಸಿನ ಒಂದು ದಿನದ ಲೆಕ್ಕ ದಾಟಿತು! ಇಬ್ಬರು! 600 ಜನರನ್ನು ಕಷ್ಟಪಟ್ಟು ಬಸ್ಸಿಗೆ ಹತ್ತಿಸಿ ಉಳಿಸಿದ್ದನ್ನ ಹತ್ತು ಗಣ್ಯರಿಗೆ ಹತ್ತು ಇನ್ನೋವಾ ಕಳಿಸಿ ಕಳೆದುಕೊಳ್ಳುವುದು ನಾನು ಕಣ್ಣಾರೆ ಕಂಡಿದ್ದು ಒಂದೆರಡು ಸಲ ಅಲ್ಲ.

ಬೆಂಗಳೂರು, ಮೈಸೂರಿನಿಂದ ಬರುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ. ಸಂಜೆ ಹತ್ತಿದರೆ ಬೆಳಗ್ಗೆ ನಿಮ್ಮೂರು, ಸ್ಟೇಷನ್ನಿಂದ ಹೊರಗೆ ಬಂದರೆ ಗುಮ್ಮಟ ಕಾಣುತ್ತದೆ. ಆಮಂತ್ರಣ ಕಳಿಸುವಾಗಲೇ 'ಈ ರೈಲಿಗೆ ಎಸಿ ಟಿಕೆಟ್ ನಾವೇ ಮಾಡಿಸುತ್ತೇವೆ, ಸ್ಟೇಷನ್ನಿಗೆ ಗಾಡಿ ಬರುತ್ತದೆ' ಅಂತ ಬರೆಯಿರಿ. ಆಮೇಲೆ ಹೇಳಿದರೆ ಆಗುವುದಿಲ್ಲ, ಅಷ್ಟರಲ್ಲಿ ಅವರು ವಿಮಾನದ ಟಿಕೆಟ್ ತಗೊಂಡಿರುತ್ತಾರೆ. ವಿಮಾನ ಬಿಡಲಾರೆ ಅನ್ನುವವರನ್ನ ಒಂದೇ ಹೊತ್ತಿನ ವಿಮಾನಕ್ಕೆ ಸೇರಿಸಿ ಒಂದು ಟೆಂಪೋ ಟ್ರಾವೆಲರ್ ಕಳಿಸಿ. ಹತ್ತು ಜನರಿಗೆ ಹತ್ತು ಗಾಡಿ ಹೋಗುವಲ್ಲಿ ಒಂದು. ದಾರಿಯಲ್ಲಿ ಬಾಗಲಕೋಟೆಯಲ್ಲಿ ಚಹಾಕ್ಕೆ ನಿಲ್ಲಿಸಿ. ನಲವತ್ತು ವರ್ಷದ ಮೇಲೆ ಒಂದೇ ಗಾಡಿಯಲ್ಲಿ ಕೂತ ಹಳೇ ಗೆಳೆಯರು ಇಳಿಯುವಾಗ ಯಾರೂ ಗಾಡಿ ಸಣ್ಣದಾಯಿತು ಅಂದಿಲ್ಲ.

ಡ್ರೈವರುಗಳ ಮಾತು ಬಾರದೆ ಈ ವಿಷಯ ಮುಗಿಯುವುದಿಲ್ಲ. ಯಾವುದೇ ಸಮಾರಂಭದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಗಾಡಿ ನಿಂತ ಕಡೆ ಹೋಗಿ ಕಿವಿ ಕೊಡಿ. ಅರ್ಧಕ್ಕರ್ಧ ಇಂಜಿನ್ ಚಾಲೂ ಇರುತ್ತದೆ. ನಾನು ಒಮ್ಮೆ ಗಾಜು ಬಡಿದು ಕೇಳಿದೆ. ಹುಡುಗ ಕಣ್ಣುಜ್ಜಿಕೊಂಡು ಗಾಜು ಇಳಿಸಿ, 'ಮತ್ತ ಎಲ್ಲಿ ಕುಂಡ್ರೂದ್ರೀ ಸರ್? ನೆಳ್ಳಿಲ್ಲ ನೀರಿಲ್ಲ. ರಾತ್ರಿ ಎರಡಕ್ಕ ಮಕ್ಕೊಂಡೀನಿ, ಎಸಿ ಹಚ್ಚಿ ಒಂದ್ ತಾಸ್ ಕಣ್ಣ ಮುಚ್ಚೀನಿ' ಅಂದ. ಏನು ಹೇಳೋದು? ತಪ್ಪು ಅವನದಲ್ಲ. ನಿಂತ ಕಾರು ಎಸಿ ಹಚ್ಚಿದರೆ ಗಂಟೆಗೆ ಮುಕ್ಕಾಲು ಲೀಟರ್ ಹೋಗುತ್ತದೆ. 60 ಗಾಡಿ ಎರಡು ಗಂಟೆ ಹೀಗೆ ನಿಂತರೆ 90 ಲೀಟರ್. ಒಂದು ಇಂಚು ಮುಂದೆ ಹೋಗದೆ!

ಆವತ್ತಿನಿಂದ ನಾನು ಬಜೆಟ್ಟಿನಲ್ಲಿ 'ಡ್ರೈವರ್ ಪೆಂಡಾಲು' ಅಂತ ಒಂದು ಸಾಲು ಬರೆಸುತ್ತೇನೆ. ಮೇಲೆ ಶೆಡ್‌ನೆಟ್, ನಾಲ್ಕು ಫ್ಯಾನು, ಹತ್ತು ಹೊರಸು ಇಲ್ಲವೇ ಜಮಖಾನೆ, ಕುಡಿಯುವ ನೀರು, ಮೊಬೈಲ್ ಚಾರ್ಜಿಗೆ ಬೋರ್ಡು, ಪಕ್ಕದಲ್ಲಿ ಶೌಚಾಲಯ. ಅತಿಥಿಗಳಿಗೆ ಹಾಕಿದ ಊಟವೇ ಅವರಿಗೂ, ಅದೇ ಹೊತ್ತಿಗೆ. ಇಷ್ಟು ಮಾಡಿದ ಮೇಲೆ 'ನಿಂತಾಗ ಇಂಜಿನ್ ಆಫ್' ಅಂತ ಹೇಳುವ ಹಕ್ಕು ನಮಗೆ ಬರುತ್ತದೆ. ಮತ್ತೆ ಮತ್ತೆ ಹೇಳುವುದೂ ಬೇಕಾಗುವುದಿಲ್ಲ, ತಾವೇ ಬಂದು ಮಲಗುತ್ತಾರೆ. ನಿದ್ದೆ ಆದ ಡ್ರೈವರ್ ರಾತ್ರಿ ಗಾಡಿ ಬಿಗುವಿಲ್ಲದೆ ಓಡಿಸುತ್ತಾನೆ, ಅದು ಬೇರೆ ಲಾಭ.

ಚಿಲ್ಲರೆ ಓಡಾಟ ಇನ್ನೊಂದು. ಒಮ್ಮೆ ಸಮಾರಂಭ ಮುಗಿದ ಮೇಲೆ ಟ್ರಿಪ್ ಶೀಟುಗಳನ್ನ ಮುಂದಿಟ್ಟುಕೊಂಡು ಓದುತ್ತಾ ಕೂತೆ. ಒಂದೇ ಗಾಡಿಯ ಒಂದು ದಿನದ ಹಾಳೆ. 'ಹಾರ ತರಲು, 17 ಕಿ.ಮೀ.' 'ಸಾಹೇಬ್ರ ಮಾತ್ರೆ, 18 ಕಿ.ಮೀ.' 'ಶಾಲು ಬದಲಿ, 17.' 'ಹಾರ ಕಮ್ಮಿ ಬಿತ್ತು, 17.' ಕೊನೆಗೆ 'ಸುಮ್ನೆ' ಅಂತ ಬರೆದು 9 ಕಿ.ಮೀ.! ಏಳು ಸೀಟಿನ ಗಾಡಿಯಲ್ಲಿ ಎರಡು ಹಾರ ಕೂತು ಬಂದಿವೆ. ಇದಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಎರಡು ಇಡಿ, ಊರಲ್ಲಿ ಗೆಳೆಯರ ಹತ್ತಿರವೇ ಸಿಗುತ್ತವೆ. ಗಾಡಿ ಕೇಳುವವರೆಲ್ಲ ಒಬ್ಬರ ಹತ್ತಿರವೇ ಕೇಳಬೇಕು, ಅವರು ಸ್ವಲ್ಪ ಜಿಪುಣ ಸ್ವಭಾವದವರಾಗಿರಲಿ. ಪೆಂಡಾಲಿನ ಒಳಗಿನ ಓಡಾಟಕ್ಕೆ ಸ್ವಯಂಸೇವಕರಿಗೆ ಸೈಕಲ್ ಕೊಡಿ. ದೇಶಕ್ಕೆ ಸೈಕಲ್ ರೇಸಿನ ಹುಡುಗರನ್ನ ಕೊಟ್ಟ ಜಿಲ್ಲೆಗಳು ನಮ್ಮವು, ನಾಚಿಕೆ ಏನಿದೆ.

ಈಗ ಎಲೆಕ್ಟ್ರಿಕ್ ಗಾಡಿಯ ಜಾಗ. ನಿಮ್ಮೂರಲ್ಲೇ ಓಡುವ ಎಲೆಕ್ಟ್ರಿಕ್ ಆಟೋಗಳು. ಇವು ಕಿಲೋಮೀಟರಿಗೆ 0.07 ಯೂನಿಟ್ ಆಸುಪಾಸು ತಿನ್ನುತ್ತವೆ, ಮೂರು ಜನ ಕೂತರೆ ತಲೆಗೆ 16 ಗ್ರಾಂ. ತುಂಬಿದ ಬಸ್ಸಿನ ಹತ್ತಿರವೇ ಬಂತು ನೋಡಿ. ಒಂದು ಚಾರ್ಜಿಗೆ ನೂರು ಕಿ.ಮೀ. ಓಡುತ್ತವೆ, ಮಾಲೀಕರು ರಾತ್ರಿ ಮನೆಯ 15 ಆ್ಯಂಪ್ ಪ್ಲಗ್ಗಿಗೆ ಹಾಕಿ ಬೆಳಗ್ಗೆ ತುಂಬಿಸಿಕೊಂಡು ಬರುತ್ತಾರೆ, ನಿಮಗೆ ಚಾರ್ಜಿಂಗ್ ತಲೆನೋವೇ ಇಲ್ಲ. ಹದಿನೈದು ಆಟೋ ಹೇಳಿ. ಲಾಡ್ಜ್‌ನಿಂದ ಸ್ಟಾಪಿಗೆ ನಡೆಯಲಾಗದವರಿಗೆ, ಪಾರ್ಕಿಂಗಿನಿಂದ ಗೇಟಿಗೆ, ರೈಲು ಬಂದಾಗ ಸ್ಟೇಷನ್ನಿಗೆ. ದಿನದ ಬಾಡಿಗೆ ಒಂದೇ ಮೊತ್ತ ಮಾತಾಡಿ, ಟ್ರಿಪ್ಪಿನ ಲೆಕ್ಕ ಬೇಡ. ಟ್ರಿಪ್ಪಿನ ಲೆಕ್ಕ ಆದರೆ ಸುಮ್ನೆ ಓಡಿಸುತ್ತಾರೆ. ದುಡ್ಡು ಊರಲ್ಲೇ ಉಳಿಯಿತು, ಗೇಟಿನ ಹತ್ತಿರ ಹೊಗೆ ಇಲ್ಲ, ಸದ್ದಿಲ್ಲ.

ಕಾರಿನ ಬಾಡಿಗೆಯಲ್ಲೂ ಒಂದು ಸೂಕ್ಷ್ಮ ಇದೆ. 'ದಿನಕ್ಕೆ ಮಿನಿಮಮ್ 300 ಕಿ.ಮೀ.' ಅಂತ ಮಾತಾದರೆ ಕಮಿಟಿಯವರಿಗೆ 'ಹೆಂಗೂ ದುಡ್ಡು ಕೊಟ್ಟಾಗಿದೆ, ಓಡ್ಲಿ ಬಿಡು' ಅನ್ನಿಸುತ್ತದೆ. ಊರೊಳಗಿನ ಕೆಲಸಕ್ಕೆ ಎಂಟು ಗಂಟೆ 80 ಕಿ.ಮೀ. ಪ್ಯಾಕೇಜ್ ಕೇಳಿ.

ಟಾಂಗಾ ಇಡಬಹುದಾ ಅಂತ ನೀವು ಕೇಳಿಲ್ಲ, ಆದರೆ ವಿಜಯಪುರ ಅಂದ ಮೇಲೆ ಕಮಿಟಿಯಲ್ಲಿ ಒಬ್ಬರು ಕೇಳುತ್ತಾರೆ. 8 ಕಿ.ಮೀ. ಡಾಂಬರಿನ ಮೇಲೆ ಹೊತ್ತುಹೊತ್ತಿಗೆ ಓಡಿಸುವುದು ಬೇಡ, ಕುದುರೆಗೆ ಹಿಂಸೆ. ಗೋಲಗುಂಬಜ್ ಕಡೆ ಸುತ್ತು ಹಾಕಿಸಲು ಸಂಜೆ ತಂಪಿನಲ್ಲಿ ಇರಲಿ.

ಇನ್ನು ಬ್ಯಾನರ್. 'ಹಸಿರು ಸಮ್ಮೇಳನ', 'ಶೂನ್ಯ ಇಂಗಾಲ' ಇವೆಲ್ಲ ಬರೆಯಬೇಡಿ. ಶೂನ್ಯ ಅಲ್ಲವಲ್ಲ. ನೂರು ಸಸಿ ನೆಟ್ಟು ಸರಿ ಮಾಡೋಣ ಅನ್ನುವವರೂ ಇರುತ್ತಾರೆ. ಜನವರಿಯಲ್ಲಿ ನೆಟ್ಟ ಸಸಿ ನಿಮ್ಮೂರಿನ ಬೇಸಿಗೆ ದಾಟಬೇಕಾದರೆ ವಾರಕ್ಕೆರಡು ಸಲ ಟ್ಯಾಂಕರ್ ಬರಬೇಕು, ಅದೂ ಡೀಸೆಲ್ಲೇ. ನೆಡುವುದಾದರೆ ಮಳೆಗಾಲದಲ್ಲಿ ನೆಡಿ. ಅದರ ಬದಲು ಪ್ರತಿ ಗಾಡಿಯ ಮೀಟರಿನ ಫೋಟೋ ಬೆಳಗ್ಗೆ ಒಂದು, ರಾತ್ರಿ ಒಂದು ತೆಗೆಸಿ. ಬಸ್ಸಿಗೆ ಹತ್ತಿದವರ ಎಣಿಕೆ ಸ್ಟಾಪಿನ ಹುಡುಗ ಬರೆದುಕೊಳ್ಳಲಿ. ಕೊನೇ ದಿನ ಸ್ಟೇಜಿನ ಪಕ್ಕ ಬೋರ್ಡಿನಲ್ಲಿ ಬರೆಯಿರಿ. ಇಷ್ಟು ಜನ, ಇಷ್ಟು ಕಿ.ಮೀ., ಇಷ್ಟು ಲೀಟರ್, ಅದರಲ್ಲಿ ಖಾಲಿ ಓಡಿದ್ದು ಇಷ್ಟು. ಖಾಲಿ ಓಡಿದ್ದನ್ನ ಬರೆಯಲು ಕಮಿಟಿ ಹಿಂಜರಿಯುತ್ತದೆ, ಬಿಡಬೇಡಿ.

ಕೊನೆಗೆ ತಾರೀಖು. ಜನವರಿ ಎರಡನೇ ವಾರ ಅಂದಿರಲ್ಲ, ಸಂಕ್ರಾಂತಿ. ನಿಮ್ಮೂರಲ್ಲೇ ಸಿದ್ಧೇಶ್ವರ ಜಾತ್ರೆ. ಈ ಕಡೆ ಕೂಡಲಸಂಗಮದಲ್ಲಿ ಶರಣ ಮೇಳ. ಡಿಪೋದಲ್ಲಿ ಇದ್ದ ಬದ್ದ ಬಸ್ಸೆಲ್ಲ ಆ ಕಡೆ ಹೋಗಿರುತ್ತದೆ. ಆವಾಗ ನಿಮಗೆ ಬೇರೆ ಜಿಲ್ಲೆಯಿಂದ ಗಾಡಿ ತರಿಸದೆ ಗತಿ ಇರುವುದಿಲ್ಲ, ಮೇಲೆ ಬರೆದ ಲೆಕ್ಕವೆಲ್ಲ ನೀರಲ್ಲಿ ಹೋಮ. ಲಾಡ್ಜ್ ರೂಮೂ ಕಷ್ಟ. ಅದು ಕಬ್ಬಿನ ಸೀಸನ್ ಬೇರೆ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಸಿಕ್ಕರೆ ನಿಮ್ಮ 25 ನಿಮಿಷದ ದಾರಿ 40 ಆಗುತ್ತದೆ, ಬಸ್ಸಿಗೆ ಎರಡನೇ ಟ್ರಿಪ್ಪು ಸಿಗುವುದಿಲ್ಲ. ಕಬ್ಬಂತೂ ತಪ್ಪುವುದಿಲ್ಲ, ಜಾತ್ರೆ ತಪ್ಪಿಸಬಹುದು. ಆಗುವುದಾದರೆ ತಿಂಗಳ ಕೊನೇ ವಾರಕ್ಕೆ ತಳ್ಳಿ. ಆಗದಿದ್ದರೆ ಬಸ್ಸಿನ ಅರ್ಜಿಯನ್ನ ಇವತ್ತೇ ಕೊಡಿ. ಬರುವ ಶನಿವಾರ ಕಮಿಟಿಯ ಇಬ್ಬರು ಒಂದು ಬೈಕಿನಲ್ಲಿ ಗಾಂಧಿ ಚೌಕದಿಂದ ಪೆಂಡಾಲಿನ ಜಾಗಕ್ಕೆ ಬೆಳಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ ಹೋಗಿ, ಗಡಿಯಾರ ಹಿಡಿದು. ಎಷ್ಟು ನಿಮಿಷ ಆಯಿತು ಅಂತ ಬರೆದು ಕಳಿಸಿ, 14 ಲಾಡ್ಜ್‌ಗಳ ಹೆಸರು ಮತ್ತು ಎಲ್ಲಿ ಎಷ್ಟು ಜನ ಅನ್ನುವುದನ್ನೂ ಹಾಕಿ. ನಾಲ್ಕು ಸ್ಟಾಪು ಎಲ್ಲಿ ಮಾಡಬೇಕು ಅಂತ ನಾನು ಗುರುತು ಹಾಕಿ ಕೊಡುತ್ತೇನೆ.